ಹಳೇ ಜೋಡುನಳಿಗೆ ಕೋವಿ ಕೈಕೊಟ್ಟರೆ: ಮನೆಯಲ್ಲಿ ಏನು ಮಾಡಬಹುದು, ಏನು ಮುಟ್ಟಬಾರದು

ಕೊಡಗು, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಒಂದು ಜೋಡುನಳಿಗೆ ಕೋವಿ ಇರುತ್ತದೆ. ವರ್ಷದಲ್ಲಿ ಒಂದೆರಡು ಸಲ ಹೊರಗೆ ಬರುತ್ತದೆ, ಉಳಿದ ದಿನ ಗೋಡೆ ಮೇಲೋ ಬೀರುವಿನಲ್ಲೋ ಮಲಗಿರುತ್ತದೆ. ಬೇಕಾದ ದಿನವೇ ಅದಕ್ಕೆ ಏನೋ ಆಗಿರುತ್ತದೆ. ಎಡ ನಳಿಗೆಯ ಈಡು ಹಾರುವುದಿಲ್ಲ. ಮೇಲಿನ ಲಿವರ್ ತಿರುಗಿಸಿದರೆ ವಾಪಸ್ ಬರುವುದಿಲ್ಲ. ಖಾಲಿ ತೋಟೆ ಒಳಗೇ ಕಚ್ಚಿಕೊಂಡು ಕೂರುತ್ತದೆ.

ಹೀಗಾದಾಗ ಏನೋ ಮುರಿದಿದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಸುಮ್ನೆ ಇಟ್ಟಿದ್ದ ಕೋವಿ ಕೆಡುವುದು ಹೆಚ್ಚಾಗಿ ಕೊಳೆಯಿಂದ: ಒಣಗಿ ಅಂಟಾದ ಎಣ್ಣೆ, ಮಳೆಗಾಲದ ತುಕ್ಕು, ಹಳೇ ಮದ್ದಿನ ಮಸಿ. ಇಷ್ಟನ್ನು ಮನೆಯಲ್ಲೇ ತೆಗೆಯಬಹುದು. ತೆಗೆದ ಮೇಲೂ ತೊಂದರೆ ಉಳಿದರೆ ಅದು ಲೋಹದ್ದೋ ಸ್ಪ್ರಿಂಗಿನದ್ದೋ ತೊಂದರೆ, ಮನೆಯ ಕೆಲಸ ಅಲ್ಲ. ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ತೋರಿಸುವುದೇ ಈ ಲೇಖನದ ಕೆಲಸ.

ಮೊದಲು ಕಾಗದಪತ್ರ

ಬೇಸರದ ವಿಷಯ, ಬೇಗ ಮುಗಿಸೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿಸಲು ಮಾತ್ರ ಅಲ್ಲ, ರಿಪೇರಿ ಮಾಡಲೂ ಬೇರೆ ಪರವಾನಗಿ ಬೇಕು. ನಿಮ್ಮ ಹತ್ತಿರ ಕೋವಿ ಇಟ್ಟುಕೊಳ್ಳುವ ಪರವಾನಗಿ ಇದ್ದರೆ ಅದು ರಿಪೇರಿಯ ಪರವಾನಗಿ ಆಗುವುದಿಲ್ಲ. ಒರೆಸುವುದು, ಎಣ್ಣೆ ಹಾಕುವುದು, ಪರೀಕ್ಷೆ ಮಾಡಿ ನೋಡುವುದು ಮಾಲೀಕ ಮಾಡಲೇಬೇಕಾದ ಆರೈಕೆ. ಭಾಗ ಬದಲಿಸುವುದು, ಬೆಸುಗೆ ಹಾಕುವುದು, ಅರ ಹಾಕಿ ಉಜ್ಜುವುದು ಪರವಾನಗಿ ಇರುವ ಬಂದೂಕು ರಿಪೇರಿಯವನಿಗೆ ಸೇರಿದ್ದು. ನಳಿಗೆ ಕತ್ತರಿಸಿ ಗಿಡ್ಡ ಮಾಡುವ ಮಾತಂತೂ ಬೇಡವೇ ಬೇಡ. ಅದಕ್ಕೆ ಅಂತಲೇ 6ನೇ ಕಲಂ ಇದೆ.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೆ) ಕೋವಿ ಪರವಾನಗಿಯಿಂದ 1861ರಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮನೆಯನ್ನು ರಿಪೇರಿ ಅಂಗಡಿ ಮಾಡುವುದಕ್ಕಲ್ಲ.

ಇನ್ನೊಂದು ಮಾತು. ಪರವಾನಗಿ ಇದ್ದ ತಂದೆಯೋ ದೊಡ್ಡಪ್ಪನೋ ತೀರಿಕೊಂಡು, ಕೋವಿ ಹಾಗೇ ಮನೆಯಲ್ಲಿ ಉಳಿದಿದ್ದರೆ ರಿಪೇರಿಯ ಯೋಚನೆ ಆಮೇಲೆ ಇರಲಿ. ಮೊದಲು ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಡೀಲರ್ ಹತ್ತಿರವೋ ಜಮಾ ಮಾಡಿ, ರಸೀದಿ ತಗೊಳ್ಳಿ. ವಾರಸುದಾರರ ಹೆಸರಿಗೆ ಅರ್ಜಿ ಹಾಕುವುದು ಅದರ ನಂತರ.

ಕೋವಿ ಖಾಲಿ ಇದೆಯಾ?

"ನಾನೇ ಖಾಲಿ ಮಾಡಿ ಇಟ್ಟಿದ್ದೆ" ಅನ್ನುವ ಮಾತನ್ನು ನಂಬಬೇಡಿ, ಆ ಮಾತು ನಿಮ್ಮದೇ ಆಗಿದ್ದರೂ. ನಳಿಗೆಯ ಬಾಯಿ ಜನ ಇಲ್ಲದ ಕಡೆಗೆ, ನೆಲಕ್ಕೆ ಓರೆಯಾಗಿ ಇರಲಿ. ಬೆರಳು ಟ್ರಿಗರ್‌ನಿಂದ ಹೊರಗೆ ಇರಲಿ. ಹೊರಗೆ ಕುದುರೆ (ಟ್ರಿಗರ್ ಒತ್ತಿದಾಗ ಬಿದ್ದು ತೋಟೆ ಹೊತ್ತಿಸುವ ಸುತ್ತಿಗೆಯಂಥ ಭಾಗ, ಹ್ಯಾಮರ್) ಇರುವ ಹಳೇ ಮಾದರಿಯಾದರೆ ಎರಡೂ ಕುದುರೆ ಇಳಿದಿವೆಯಾ ಅಂತ ನೋಡಿ. ಲಿವರ್ ತಿರುಗಿಸಿ, ಕೋವಿ ಮಡಚಿ, ಎರಡೂ ನಳಿಗೆಯ ಬುಡ ನೋಡಿ. ನೋಡಿದ್ದು ಸಾಲದು, ಬೆರಳಿನ ತುದಿ ಹಾಕಿ ಮುಟ್ಟಿ. ಸಂಜೆ ಬೆಳಕಿನಲ್ಲಿ ತೋಟೆಯ ಮಾಸಿದ ಹಿತ್ತಾಳೆ ಕಣ್ಣಿಗೆ ಮೋಸ ಮಾಡುತ್ತದೆ.

ಕೋವಿ ಮಡಚಲು ಆಗುತ್ತಲೇ ಇಲ್ಲ, ಒಳಗೆ ತೋಟೆ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಸುತ್ತಿಗೆ ತಗೊಂಡು ಲಿವರ್‌ಗೆ ಬಡಿಯುವವರು ಇದ್ದಾರೆ. ಒಳಗೆ ತುಂಬಿದ ತೋಟೆ ಇದ್ದರೆ ಆ ಬಡಿತಕ್ಕೇ ಕುದುರೆ ಜಾರಬಹುದು. ಅಂಥ ಕೋವಿ ತುಂಬಿದೆ ಅಂತಲೇ ತಿಳಿದುಕೊಳ್ಳಿ. ಕಾರಿನಲ್ಲಿ ಹಾಕಿಕೊಂಡು ಹೊರಡಬೇಡಿ, ರಿಪೇರಿಯವರಿಗೆ ಫೋನ್ ಮಾಡಿ ಅವರು ಹೇಳಿದ ಹಾಗೆ ಮಾಡಿ.

ತೋಟೆಗಳ ಡಬ್ಬಿ ಬೇರೆ ಕೋಣೆಗೆ ಹೋಗಲಿ. ಕೆಲಸ ಮುಗಿಯುವವರೆಗೆ ಒಂದು ತೋಟೆಯೂ ಮೇಜಿನ ಮೇಲೆ ಇರಬಾರದು. ಮಕ್ಕಳು, ನೋಡೋಕೆ ಬಂದ ನೆಂಟರು ಕೂಡ ಬೇರೆ ಕಡೆ ಇದ್ದರೆ ಒಳ್ಳೇದು.

ಯಾವ ಕೋವಿ ಅಂತ ಗುರುತು ಹಿಡಿಯುವುದು

ನಮ್ಮ ಕಡೆ ಪರವಾನಗಿ ಪುಸ್ತಕದಲ್ಲಿ ಡಿಬಿಬಿಎಲ್ ಅಂತ ಬರೆದಿರುತ್ತಾರೆ. ಎರಡು ನಳಿಗೆ, ಹಿಂದಿನಿಂದ ತೋಟೆ ತುಂಬುವ ಕೋವಿ ಅಂತ ಅರ್ಥ. ಹೆಚ್ಚಿನವು 12 ಬೋರ್. ನಳಿಗೆಯ ಒಳ ಅಗಲದಷ್ಟೇ ಇರುವ ಸೀಸದ ಗುಂಡು ಮಾಡಿದರೆ ಒಂದು ಪೌಂಡಿಗೆ 12 ಬರುತ್ತವೆ, ಆ ಲೆಕ್ಕದಿಂದ ಬಂದ ಹೆಸರು. ಒಳ ಅಗಲ ಸುಮಾರು 18.5 ಮಿಲಿಮೀಟರ್. ಕೆಲವು ಬರ್ಮಿಂಗ್‌ಹ್ಯಾಮ್‌ನಿಂದ ಹಡಗಿನಲ್ಲಿ ಬಂದವು, ಕೆಲವು ನಮ್ಮದೇ ಇಷಾಪುರದ ಸರ್ಕಾರಿ ಕಾರ್ಖಾನೆಯವು.

ನಳಿಗೆಗಳನ್ನು ಬೇರ್ಪಡಿಸಿ (ಹೇಗೆ ಅಂತ ಮುಂದೆ ಹೇಳುತ್ತೇನೆ) ಬುಡದ ಕೆಳಗಿನ ಚಪ್ಪಟೆ ಭಾಗ ನೋಡಿ. ಸಣ್ಣ ಸಣ್ಣ ಮುದ್ರೆಗಳು ಇರುತ್ತವೆ. ಇವು ಅಲಂಕಾರ ಅಲ್ಲ. ಬ್ರಿಟನ್ನಿನಲ್ಲಿ ಪ್ರತಿ ಕೋವಿಗೂ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ, ತಾಳಿಕೊಂಡರೆ ಮಾತ್ರ ಹಾಕುತ್ತಿದ್ದ ಮುದ್ರೆಗಳು. ಕಿರೀಟದ ಅಡಿ ಎನ್‌ಪಿ ಅಕ್ಷರ, ಅಥವಾ ನೈಟ್ರೋ ಪ್ರೂಫ್ ಅನ್ನುವ ಬರಹ ಇದ್ದರೆ ಆ ನಳಿಗೆಯನ್ನು ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಇಲ್ಲದಿದ್ದರೆ ಅದು ಕರಿಮದ್ದಿನ ಕಾಲದ ನಳಿಗೆ ಇರಬಹುದು.

ನಳಿಗೆಯ ಮೈ ಮೇಲೆ ಸುರುಳಿ ಸುರುಳಿ ಗೆರೆ, ಹಾವಿನ ಮೈಯಂಥ ಚಿತ್ತಾರ ಕಾಣುತ್ತಿದೆಯಾ? ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಕಾಯಿಸಿ ಬಡಿದು ಮಾಡಿದ್ದು. ನೋಡಲು ಬಹಳ ಚಂದ. ಆದರೆ ಆ ಹೆಣಿಗೆಯ ಸಂದುಗಳಲ್ಲಿ ತುಕ್ಕು ಒಳಗೊಳಗೇ ಇಳಿದಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಈಗಿನ ತೋಟೆ ಹಾಕಿದರೆ ನಳಿಗೆ ಬಿರಿಯಬಹುದು, ಮುಂದಿನ ಮರ ಹಿಡಿದ ಎಡಗೈ ಹೋಗಬಹುದು. ಇಂಥ ಕೋವಿಯನ್ನು ಒರೆಸಿ ಗೋಡೆಗೆ ಹಾಕಿ. ಹಾರಿಸುವ ಯೋಚನೆ ಇದ್ದರೆ ತಿಳಿದವರು ಅಳತೆ ಮಾಡಿ ಪರೀಕ್ಷಿಸಿದ ಮೇಲೆ ಮಾತ್ರ.

ತೋಟೆಯ ಉದ್ದವೂ ಮುಖ್ಯ. ಹಳೇ ಇಂಗ್ಲಿಷ್ ಕೋವಿಗಳ ಚೇಂಬರ್ (ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗ) ಹೆಚ್ಚಾಗಿ 2½ ಇಂಚು, ಅಂದರೆ 65 ಮಿಲಿಮೀಟರ್. ಈಗ ಸಿಗುವ ಬಹಳಷ್ಟು ತೋಟೆ 70 ಮಿಲಿಮೀಟರಿನವು. ತಮಾಷೆ ಏನಂದರೆ ಉದ್ದದ ತೋಟೆಯೂ ಒಳಗೆ ಸಲೀಸಾಗಿ ಕೂರುತ್ತದೆ, ಯಾಕಂದರೆ ಹಾರುವ ಮೊದಲು ಅದರ ಬಾಯಿ ಮಡಚಿರುತ್ತದೆ. ಹಾರುವಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. "ಹಾರಿಸಿದಾಗೆಲ್ಲ ಭುಜಕ್ಕೆ ಜಾಸ್ತಿ ಒದೆಯುತ್ತದೆ, ಆಮೇಲೆ ತೋಟೆ ಕಚ್ಚಿಕೊಳ್ಳುತ್ತದೆ" ಅನ್ನುವ ದೂರಿಗೆ ಇದೂ ಒಂದು ಕಾರಣ.

ಬಿಚ್ಚುವುದು: ಮೂರು ತುಂಡು, ಅಷ್ಟೇ

ಜೋಡುನಳಿಗೆ ಕೋವಿ ಸ್ಕ್ರೂಡ್ರೈವರ್ ಇಲ್ಲದೆ ಮೂರು ತುಂಡಾಗುತ್ತದೆ. ಮೊದಲು ನಳಿಗೆಯ ಕೆಳಗಿರುವ ಮುಂದಿನ ಮರ ತೆಗೆಯಬೇಕು. ಕೆಲವಕ್ಕೆ ತುದಿಯಲ್ಲಿ ಒತ್ತುವ ಗುಂಡಿ ಇರುತ್ತದೆ, ಕೆಲವಕ್ಕೆ ಸಣ್ಣ ಲಿವರ್, ಕೆಲವನ್ನು ಸುಮ್ನೆ ಕೆಳಗೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಮೇಲಿನ ಲಿವರ್ ತಿರುಗಿಸಿ ನಳಿಗೆಯನ್ನು ಬಗ್ಗಿಸಿ ಕೀಲಿನಿಂದ ಎತ್ತಿದರೆ ನಳಿಗೆ ಒಂದು ಕಡೆ, ಲಾಕು (ಕುದುರೆ, ಸ್ಪ್ರಿಂಗು, ಟ್ರಿಗರ್ ಇರುವ ಲೋಹದ ಭಾಗ) ಮತ್ತು ಬಟ್ (ಭುಜಕ್ಕೆ ಆನಿಸುವ ಮರ) ಇನ್ನೊಂದು ಕಡೆ.

ಇಲ್ಲಿಗೆ ನಿಲ್ಲಿ. ಸ್ಕ್ರೂಗಳನ್ನು ಮುಟ್ಟಬೇಡಿ. ಕೋವಿಯ ಸ್ಕ್ರೂಗಳ ಗೀರು ಕೂದಲಿನಷ್ಟು ಸಪೂರ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂಡ್ರೈವರ್‌ನ ಮೂತಿ ಓರೆಯಾಗಿರುತ್ತದೆ, ಜಾರಿದರೆ ಗೀರು ಹಾಳು, ಪಕ್ಕದ ಕೆತ್ತನೆಯೂ ಹಾಳು. ಲಾಕಿನ ಒಳಗೆ ಬಲವಾಗಿ ಅದುಮಿಟ್ಟ ಸ್ಪ್ರಿಂಗುಗಳು ಇವೆ. ಅವನ್ನು ಬಿಡಿಸಲು ಬೇರೆಯದೇ ಹಿಡಿಕೆ ಬೇಕು. ಇಲ್ಲದೆ ಕೈ ಹಾಕಿದರೆ ಸ್ಪ್ರಿಂಗ್ ಮುರಿಯುತ್ತದೆ, ಇಲ್ಲವೇ ಮುಖಕ್ಕೆ ಹಾರುತ್ತದೆ. ಹಳೇ ಕೋವಿಯ ಸ್ಪ್ರಿಂಗ್ ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ. ಅದಕ್ಕೆ ಅಂತಲೇ ಒಬ್ಬರು ಕೂತು ಮಾಡಿಕೊಡಬೇಕು.

ಒಂದು ಎಚ್ಚರಿಕೆ. ಕುದುರೆ ಒಳಗೇ ಇರುವ ಮಾದರಿಗಳಲ್ಲಿ (1875ರ ಆನ್ಸನ್ ಅಂಡ್ ಡೀಲಿ ವಿನ್ಯಾಸದ ಬಾಕ್ಸ್‌ಲಾಕ್‌ಗಳೇ ನಮ್ಮಲ್ಲಿ ಜಾಸ್ತಿ) ನಳಿಗೆ ಬಗ್ಗಿಸಿದಾಗಲೇ ಒಳಗಿನ ಕುದುರೆ ಏರುತ್ತದೆ. ಕೋವಿ ಬಿಚ್ಚಿಟ್ಟಿರುವಾಗ ಟ್ರಿಗರ್ ಒತ್ತಿದರೆ ಕುದುರೆ ಬೀಳುತ್ತದೆ, ಆಮೇಲೆ ಜೋಡಿಸಲು ಹೋದರೆ ಮುಂದಿನ ಮರ ಕೂರುವುದೇ ಇಲ್ಲ. "ಕೋವಿ ಕೆಟ್ಟುಹೋಯ್ತು, ಜೋಡಣೆ ಆಗ್ತಿಲ್ಲ" ಅಂತ ಅಂಗಡಿಗೆ ಬರುವವುಗಳಲ್ಲಿ ಇದೂ ಒಂದು. ಕೆಟ್ಟಿದ್ದು ಏನೂ ಇರುವುದಿಲ್ಲ, ಕುದುರೆ ಏರಿಸಿಕೊಟ್ಟರೆ ಮುಗಿಯಿತು.

ನಳಿಗೆ: ಮೊದಲು ನೋಡಿ, ಆಮೇಲೆ ತೊಳೆಯಿರಿ

ಬೇರ್ಪಡಿಸಿದ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು ಒಳಗೆ ನೋಡಿ. ಮೊದಲ ಪ್ರಶ್ನೆ: ಆಚೆ ಬೆಳಕು ಕಾಣುತ್ತಿದೆಯಾ? ಗೋಡೆಗೆ ತೂಗುಹಾಕಿದ ಕೋವಿಯ ನಳಿಗೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದು ನಮ್ಮ ಕಡೆ ಮಾಮೂಲು. ಕೊಡವರ ಆಯುಧಗಳ ಹಬ್ಬ ಕೈಲ್ ಮುಹೂರ್ತದ ದಿನ ನಳಿಗೆಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂವಿನ ತೊಟ್ಟು ಮುರಿದು ಒಳಗೇ ಉಳಿದಿರುವುದೂ ಉಂಟು. ಹಾರಿಸುವಾಗ ಅಷ್ಟು ಸಣ್ಣ ಅಡ್ಡಿ ಸಾಕು, ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ.

ಇನ್ನೂ ಅಪಾಯದ್ದು ಒಂದಿದೆ. 20 ಬೋರ್ ತೋಟೆ ತಪ್ಪಿ 12 ಬೋರ್ ಕೋವಿಗೆ ಹಾಕಿದರೆ ಅದು ಚೇಂಬರ್ ದಾಟಿ ಮುಂದೆ ಜಾರಿ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಅಂತ ಅದರ ಹಿಂದೆ 12 ಬೋರ್ ತೋಟೆ ತುಂಬಿದರೆ ಕಥೆ ಮುಗಿಯಿತು. 20 ಬೋರ್ ತೋಟೆಗಳಿಗೆ ಹಳದಿ ಬಣ್ಣ ಬಂದದ್ದು ಇದೇ ಕಾರಣಕ್ಕೆ. ಮನೆಯಲ್ಲಿ ಎರಡೂ ಬೋರಿನ ಕೋವಿ ಇದ್ದರೆ ತೋಟೆಗಳನ್ನು ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.

ಈಗ ತೊಳೆಯುವುದು. ಬೇಕಾದ ಸಾಮಾನು: 12 ಬೋರಿನ ಮರದ ಅಥವಾ ಹಿತ್ತಾಳೆಯ ಕೋಲು, ಅದರ ತುದಿಗೆ ಕಂಚಿನ ತಂತಿಯ ಬ್ರಷ್, ಹಳೇ ಹತ್ತಿ ಪಂಚೆಯ ಚೂರುಗಳು, ಸ್ವಲ್ಪ ಸೀಮೆಎಣ್ಣೆ, ಹೊಲಿಗೆ ಮಷಿನ್ ಎಣ್ಣೆ. ಬಂದೂಕಿಗೆಂದೇ ಬರುವ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೇದು.

ಯಾವಾಗಲೂ ಬುಡದಿಂದ ಬಾಯಿಯ ಕಡೆಗೆ ತಳ್ಳಿ. ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಆಮೇಲೆ ಬ್ರಷ್, ಮತ್ತೆ ಬಟ್ಟೆ. ಬಟ್ಟೆ ಬಿಳಿಯಾಗಿ ಹೊರಬರುವವರೆಗೆ. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲಿ ಮತ್ತು ಬಾಯಿಯ ಹತ್ತಿರ ಬೂದು ಬಣ್ಣದ ಗೆರೆ ಉಳಿದರೆ ಅದು ಚರೆಯ ಸೀಸ. ಬ್ರಷ್ ಇನ್ನೂ ಸ್ವಲ್ಪ ಆಡಿಸಿದರೆ ಬಿಡುತ್ತದೆ. ಕರಿಮದ್ದು ಹಾರಿಸಿದ್ದರೆ ಎಣ್ಣೆಯಿಂದ ಆ ಮಸಿ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಕುದಿಯುವ ನೀರೇ ಬೇಕು. ನಳಿಗೆಯನ್ನು ಮಾತ್ರ ಬಕೆಟ್ಟಿನಲ್ಲಿ ನಿಲ್ಲಿಸಿ ಬಿಸಿನೀರು ಹಾಯಿಸಿ, ಕೂಡಲೇ ಚೆನ್ನಾಗಿ ಒರೆಸಿ ಒಣಗಿಸಿ, ಎಣ್ಣೆ ಸವರಿ. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ. ಜೂನ್ ತಿಂಗಳಲ್ಲಿ ಹಾಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ತುಕ್ಕು ಕಾಣುತ್ತದೆ.

ಎಮರಿ ಕಾಗದವನ್ನು ಕೋಲಿಗೆ ಸುತ್ತಿ ಡ್ರಿಲ್ ಮಷಿನ್‌ನಲ್ಲಿ ತಿರುಗಿಸಿ ಕನ್ನಡಿ ಮಾಡುವ ಆಸೆ ಬೇಡ. ಹೊಳಪು ಬರುತ್ತದೆ ನಿಜ, ಆದರೆ ಲೋಹ ಸವೆಯುತ್ತದೆ. ಒಳ್ಳೆಯ ಕೋವಿಯ ನಳಿಗೆಯ ದಪ್ಪ ನಡುವಿನಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ಇರುತ್ತದೆ. ಅರ್ಧ ಮಿಲಿಮೀಟರಿಗೆ ಇಳಿದರೆ ರಿಪೇರಿಯವರು ತಲೆ ಅಲ್ಲಾಡಿಸುತ್ತಾರೆ. ಸಣ್ಣ ಗುಳಿಗಳಿದ್ದರೂ ದಪ್ಪ ಉಳಿದಿರುವ ನಳಿಗೆಯೇ, ಹೊಳೆಯುವ ತೆಳು ನಳಿಗೆಗಿಂತ ಮೇಲು.

ಕೊಳೆ ಹೋದ ಮೇಲೆ ಮತ್ತೆ ಬೆಳಕಿಗೆ ಹಿಡಿಯಿರಿ. ಕಿಟಕಿಯ ಅಡ್ಡಪಟ್ಟಿಯ ನೆರಳು ನಳಿಗೆಯ ಒಳಗೆ ಉದ್ದಕ್ಕೂ ನೇರವಾಗಿ ಬೀಳಬೇಕು. ನಳಿಗೆಯನ್ನು ನಿಧಾನವಾಗಿ ತಿರುಗಿಸಿ. ಒಂದು ಕಡೆ ಮಾತ್ರ ನೆರಳು ಬಾಗಿದರೆ ಅಲ್ಲಿ ತಗ್ಗು ಬಿದ್ದಿದೆ, ಎಲ್ಲೋ ಬಡಿದಿದೆ. ಸುತ್ತಲೂ ಉಂಗುರದಂತೆ ಕಪ್ಪು ಗೆರೆ ಕಂಡರೆ ನಳಿಗೆ ಉಬ್ಬಿದೆ, ಹಿಂದೆಂದೋ ಅಡ್ಡಿ ಇದ್ದಾಗ ಹಾರಿಸಿದ್ದಾರೆ. ಹೊರಗಿನಿಂದ ಬೆರಳು ಸವರಿದರೂ ಉಬ್ಬು ಗೊತ್ತಾಗುತ್ತದೆ. ತಗ್ಗನ್ನು ತಿಳಿದವರು ಎತ್ತಿಕೊಡಬಲ್ಲರು. ಉಬ್ಬು ಸರಿಹೋಗುವುದು ಕಷ್ಟ. ಎರಡರಲ್ಲಿ ಯಾವುದು ಇದ್ದರೂ ಕೋವಿ ಹಾರಿಸಬೇಡಿ.

ಕೊನೆಗೊಂದು ಹಳೇ ಪರೀಕ್ಷೆ, ನನಗೆ ತುಂಬಾ ಇಷ್ಟವಾದದ್ದು. ನಳಿಗೆಯ ಬುಡದ ಕೊಕ್ಕೆಯನ್ನು ಒಂದು ಬೆರಳಿಗೆ ತೂಗುಹಾಕಿ, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಬಂದು ಸ್ವಲ್ಪ ಹೊತ್ತು ಉಳಿದರೆ ಎರಡು ನಳಿಗೆ ಜೋಡಿಸಿದ ನಡುಪಟ್ಟಿ ಗಟ್ಟಿ ಇದೆ. ಒಡೆದ ಸದ್ದು, ಝರ್ ಅನ್ನುವ ಸದ್ದು ಬಂದರೆ ಬೆಸುಗೆ ಬಿಟ್ಟಿದೆ. ಆ ಸಂದಿನಲ್ಲಿ ನೀರು ಇಳಿದು ಒಳಗಿನಿಂದ ತಿನ್ನುತ್ತದೆ.

ನಡುಪಟ್ಟಿ ಬಿಟ್ಟಿದೆ ಅಂತ ಊರಿನ ವೆಲ್ಡಿಂಗ್ ಶಾಪಿಗೆ ಒಯ್ಯಬೇಡಿ. ಆ ಬೆಸುಗೆ ಮೆತ್ತನೆಯ ತವರದ್ದು, ಕಡಿಮೆ ಕಾವಿನಲ್ಲಿ ಹಾಕಿದ್ದು. ವೆಲ್ಡಿಂಗ್ ಕಾವಿಗೆ ನಳಿಗೆಯ ಉಕ್ಕೇ ಕೆಡುತ್ತದೆ. ಹಾಗೇ, ಮಾಸಿದ ನೀಲಿ ಬಣ್ಣ ಹೊಸದು ಮಾಡಿಸುತ್ತೇನೆ ಅಂತ ಬಿಸಿ ಕ್ಷಾರದ ತೊಟ್ಟಿಯಲ್ಲಿ ಅದ್ದಿಸುವವರಿದ್ದಾರೆ. ಒಂಟಿ ನಳಿಗೆಗೆ ಅದು ನಡೆಯುತ್ತದೆ. ಜೋಡುನಳಿಗೆಯಲ್ಲಿ ಆ ಕ್ಷಾರ ಬೆಸುಗೆಯನ್ನೇ ತಿಂದುಬಿಡುತ್ತದೆ. ಜೋಡುನಳಿಗೆಗೆ ನಿಧಾನಕ್ಕೆ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸುವ ಹಳೇ ಕ್ರಮವೇ ಸರಿ.

ಲಾಕು, ಪಿನ್ನು ಮತ್ತು ತೆಂಗಿನೆಣ್ಣೆಯ ಕಥೆ

ಹಿಂದಿನವರು ಕೋವಿಗೆ ಸವರುತ್ತಿದ್ದದ್ದು ಮನೆಯ ತೆಂಗಿನೆಣ್ಣೆ. ಹೊರಮೈಗೆ ಅದು ಕೆಲಸ ಮಾಡುತ್ತಿತ್ತು. ಲಾಕಿನ ಒಳಗೆ ಹೋದರೆ ಬೇರೆ ಮಾತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯ ಚಳಿಯಲ್ಲಿ ಬಾಟಲಿಯ ಎಣ್ಣೆ ಬಿಳಿ ಗಟ್ಟಿಯಾಗಿರುವುದನ್ನು ನೋಡಿದ್ದೀರಲ್ವಾ? ಕುದುರೆಯ ಸುತ್ತಲೂ ಅದೇ ಆಗಿರುತ್ತದೆ. ಕುದುರೆ ಬೀಳುತ್ತದೆ, ಆದರೆ ಮೆಲ್ಲಗೆ ಬೀಳುತ್ತದೆ. ಪಿನ್ ತೋಟೆಯ ಕೇಪನ್ನು (ಹಿಂಬದಿಯ ನಡುವೆ ಇರುವ, ಬಡಿದರೆ ಕಿಡಿ ಹೊತ್ತುವ ಸಣ್ಣ ಬಟ್ಟಲು) ಮುಟ್ಟುತ್ತದೆ, ಒಡೆಯುವುದಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ಅದೇ ಕೋವಿ ಸರಿಯಾಗಿ ಹಾರುತ್ತದೆ! "ಬೆಳಿಗ್ಗೆ ಹಾರಲ್ಲ, ಮಧ್ಯಾಹ್ನ ಹಾರುತ್ತೆ" ಅನ್ನುವ ಕೋವಿ ಇದ್ದರೆ ಮೊದಲ ಗುಮಾನಿ ಎಣ್ಣೆಯ ಮೇಲೇ ಇರಲಿ. ವರ್ಷಗಟ್ಟಲೆ ಕೂತ ಎಣ್ಣೆ ಅಂಟಾಗುವುದು ಬೇರೆ.

ತೆಗೆಯುವುದು ಹೀಗೆ. ನಳಿಗೆ ಬೇರ್ಪಡಿಸಿದ ಲಾಕನ್ನು, ಬಟ್ ಮೇಲಕ್ಕೂ ಪಿನ್ನಿನ ತೂತುಗಳು ಕೆಳಕ್ಕೂ ಬರುವ ಹಾಗೆ ಹಿಡಿಯಿರಿ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಮಾಡಿಕೊಂಡು ಪಿನ್ನಿನ ತೂತು, ಕೀಲು ಕೂರುವ ಜಾಗ, ಸಂದುಗೊಂದು ಉಜ್ಜಿ. ತೂತಿನೊಳಗೆ ಒಂದೆರಡು ಹನಿ ಬಿಡಿ. ಹಾಗೇ ತಲೆಕೆಳಗಾಗಿ ಹಳೇ ಪೇಪರಿನ ಮೇಲೆ ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ಪೇಪರಿನ ಮೇಲೆ ಕಂದು ಕಲೆ ಬಿದ್ದಿರುತ್ತದೆ. ತಲೆಕೆಳಗೆ ಯಾಕೆ ಅಂದರೆ, ನೆಟ್ಟಗೆ ಇಟ್ಟರೆ ಎಣ್ಣೆಯೆಲ್ಲ ಬಟ್‌ನ ಮರಕ್ಕೆ ಇಳಿಯುತ್ತದೆ. ಎಣ್ಣೆ ಕುಡಿದ ಮರ ಕಪ್ಪಾಗಿ, ಮೆತ್ತಗಾಗಿ, ಲಾಕಿನ ಹಿಂದೆಯೇ ಬಿರುಕು ಬಿಡುತ್ತದೆ. ಹಳೇ ಕೋವಿಗಳ ಹಿಡಿಯ ಹತ್ತಿರ ಕಾಣುವ ಬಿರುಕುಗಳಲ್ಲಿ ಇದರ ಪಾಲು ದೊಡ್ಡದು.

ಒಣಗಿದ ಮೇಲೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ. ನಿಜವಾಗಿಯೂ ಒಂದೇ. ಕೀಲಿಗೆ ಮತ್ತು ನಳಿಗೆ ಲಾಕಿಗೆ ಉಜ್ಜುವ ಜಾಗಕ್ಕೆ ತುಸು ಗ್ರೀಸು.

ತೋಟೆ ಹೊರಗೆ ತಳ್ಳುವ ಎಕ್ಸ್‌ಟ್ರ್ಯಾಕ್ಟರ್ ನಳಿಗೆಯ ಬುಡದಲ್ಲೇ ಇದೆ. ಅದನ್ನು ಬೆರಳಲ್ಲಿ ಹೊರಗೆಳೆದು ಹಿಂದೆ, ಅಡಿಗೆ ಒರೆಸಿ. ಅದರ ಕೆಳಗೆ ಕೂತ ಕೊಳೆಯಿಂದಲೇ ಕೆಲವು ಸಲ ಕೋವಿ ಪೂರ್ತಿ ಮುಚ್ಚುವುದಿಲ್ಲ. ಲಿವರ್ ವಾಪಸ್ ಬರುತ್ತಿಲ್ಲ ಅನ್ನುವುದಕ್ಕೂ ಈ ಕೊಳೆ ಕಾರಣ ಇರಬಹುದು. ಒರೆಸಿದ ಮೇಲೂ ಲಿವರ್ ಸಡಿಲವಾಗಿ ನೇತಾಡುತ್ತಿದ್ದರೆ ಒಳಗಿನ ಸ್ಪ್ರಿಂಗ್ ಮುರಿದಿದೆ.

ಸಡಿಲ ಆಗಿದೆಯಾ ನೋಡುವುದು

ನಳಿಗೆ ಮತ್ತು ಲಾಕನ್ನು ಜೋಡಿಸಿ, ಮುಂದಿನ ಮರ ಮಾತ್ರ ಹಾಕಬೇಡಿ. ಆ ಮರದ ಸ್ಪ್ರಿಂಗ್ ಸಡಿಲವನ್ನು ಮುಚ್ಚಿಹಾಕುತ್ತದೆ. ಕೋವಿ ಮಾರುವವರು ಮರ ಹಾಕಿಯೇ ಯಾಕೆ ತೋರಿಸುತ್ತಾರೆ ಅಂತ ಈಗ ಗೊತ್ತಾಯಿತಲ್ಲ. ನಳಿಗೆಯನ್ನು ಒಂದು ಕೈಯಲ್ಲಿ ಬೀಳದ ಹಾಗೆ ಆಧರಿಸಿಕೊಂಡು, ಹಿಡಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಅಂದರೆ ಕೀಲು ಸವೆದಿದೆ. ಬೆಳಕಿಗೆ ಹಿಡಿದು ನಳಿಗೆಯ ಬುಡಕ್ಕೂ ಲಾಕಿನ ಮುಖಕ್ಕೂ ನಡುವೆ ಬೆಳಕು ತೂರುತ್ತದಾ ನೋಡಿ. ತೆಳು ಕಾಗದದ ಪಟ್ಟಿ ನಡುವೆ ಇಟ್ಟು ಮುಚ್ಚಿ ಎಳೆದರೆ ಅದು ಸಲೀಸಾಗಿ ಜಾರಿ ಬರಬಾರದು.

ಮೇಲಿನ ಲಿವರ್ ಕೂಡ ವಯಸ್ಸು ಹೇಳುತ್ತದೆ. ಹೊಸತರಲ್ಲಿ ಮುಚ್ಚಿದಾಗ ಅದು ನಡುಗೆರೆಯಿಂದ ಸ್ವಲ್ಪ ಬಲಕ್ಕೆ ನಿಲ್ಲುತ್ತದೆ. ನಳಿಗೆಯನ್ನು ಮುಚ್ಚಿ ಹಿಡಿದಿಡುವ ಒಳಗಿನ ಬೋಲ್ಟು ಸವೆದಂತೆ ನಡುವಿಗೆ ಬರುತ್ತದೆ. ಎಡಕ್ಕೆ ದಾಟಿದ್ದರೆ ಬಹಳ ಸವೆದಿದೆ.

ಸಡಿಲ ಕೋವಿಯ ಕೀಲಿಗೆ ತಗಡಿನ ಚೂರು ಸಿಕ್ಕಿಸುವ ಉಪಾಯ ಹಳೆಯದು, ಕೆಟ್ಟದ್ದು ಕೂಡ. ಕೆಲ ದಿನ ಬಿಗಿ ಅನ್ನಿಸುತ್ತದೆ, ತಗಡು ಜಾರುತ್ತದೆ, ನಳಿಗೆ ಓರೆಯಾಗಿ ಮುಚ್ಚಿಕೊಳ್ಳುತ್ತದೆ. ಸರಿಯಾದ ದಾರಿ ಕೊಕ್ಕೆಗೆ ಲೋಹ ಕೂರಿಸಿ ಮತ್ತೆ ಹೊಂದಿಸುವುದು, ಅಥವಾ ಕೀಲನ್ನೇ ಬದಲಿಸುವುದು. ಕೈಯಲ್ಲಿ ಮಸಿ ಹಚ್ಚಿ, ಹೊಂದಿಸಿ, ಉಜ್ಜಿ, ಮತ್ತೆ ಹೊಂದಿಸುವ ಕೆಲಸ. ದುಬಾರಿ ಅನ್ನಿಸಿದರೂ ಕೊಡಬೇಕಾದ ದುಡ್ಡು.

ಟ್ರಿಗರ್ ಮತ್ತು ಸೇಫ್ಟಿ: ಸ್ನ್ಯಾಪ್ ಕ್ಯಾಪ್ ಇದ್ದರೆ ಮಾತ್ರ

ಈ ಪರೀಕ್ಷೆಗೆ ಸ್ನ್ಯಾಪ್ ಕ್ಯಾಪ್ ಬೇಕು. ಮದ್ದಿಲ್ಲದ, ಕೇಪಿನ ಜಾಗದಲ್ಲಿ ಸ್ಪ್ರಿಂಗೋ ರಬ್ಬರೋ ಇರುವ ಸುಳ್ಳು ತೋಟೆ. ಬಂದೂಕು ಅಂಗಡಿಯಲ್ಲಿ ಕೇಳಿ. ಹಳೇ ಕೋವಿಯನ್ನು ಬರಿದೇ ಕ್ಲಿಕ್ ಕ್ಲಿಕ್ ಮಾಡಿದರೆ ಪಿನ್ ಮುರಿಯಬಹುದು. ನಿಜವಾದ ತೋಟೆಯನ್ನು ಈ ಪರೀಕ್ಷೆಗೆ ಯಾವ ಕಾರಣಕ್ಕೂ ಬಳಸಬಾರದು.

ಕೋವಿ ಪೂರ್ತಿ ಜೋಡಿಸಿ, ಎರಡೂ ಕಡೆ ಸ್ನ್ಯಾಪ್ ಕ್ಯಾಪ್ ಹಾಕಿ ಮುಚ್ಚಿ. ಸೇಫ್ಟಿ ಹಾಕಿ ಎರಡೂ ಟ್ರಿಗರ್ ಒತ್ತಿ. ಏನೂ ಆಗಬಾರದು. ಬೆರಳು ತೆಗೆದು ಸೇಫ್ಟಿ ಬಿಡಿ. ಆಗಲೂ ಏನೂ ಆಗಬಾರದು. ಟ್ರಿಗರ್ ಮುಟ್ಟದೆ ಕುದುರೆ ಬಿದ್ದರೆ ಅದು ಕೊಲ್ಲುವ ಕೋವಿ. ಬಟ್‌ನ ಹಿಂಬದಿಗೆ ಅಂಗೈಯಿಂದ ತಟ್ಟಿ, ಕ್ಲಿಕ್ ಬರಬಾರದು. ಕೊನೆಗೆ ಮುಂದಿನ ಟ್ರಿಗರ್ ಒತ್ತಿ. ಅದು ಸಾಮಾನ್ಯವಾಗಿ ಬಲ ನಳಿಗೆಯದು. ಒಂದೇ ಕ್ಲಿಕ್ ಬರಬೇಕು. ಹಿಂದಿನದ್ದು ಎಡ ನಳಿಗೆಗೆ, ಮತ್ತೊಂದು ಕ್ಲಿಕ್. ಒಂದು ಒತ್ತಿದಾಗ ಎರಡೂ ಬಿದ್ದರೆ ಒಳಗಿನ ಕಚ್ಚು ಸವೆದಿದೆ. ಹಾರಿಸುವಾಗ ಎರಡೂ ಈಡು ಒಟ್ಟಿಗೆ ಹೋಗುತ್ತವೆ.

ಹೆಚ್ಚಿನ ಬಾಕ್ಸ್‌ಲಾಕ್ ಕೋವಿಗಳಲ್ಲಿ ಸೇಫ್ಟಿ ಟ್ರಿಗರನ್ನು ಮಾತ್ರ ತಡೆಯುತ್ತದೆ, ಕುದುರೆಯನ್ನು ಅಲ್ಲ. ಸವೆದ ಕೋವಿ ಕೆಳಗೆ ಬಿದ್ದರೆ ಸೇಫ್ಟಿ ಹಾಕಿದ್ದರೂ ಹಾರಬಹುದು. ಬೇಲಿ ಹಾರುವಾಗ, ಜೀಪು ಹತ್ತುವಾಗ ತೋಟೆ ತೆಗೆದುಬಿಡಿ ಅಂತ ಹಿರಿಯರು ಗದರುತ್ತಿದ್ದುದು ಸುಮ್ನೆ ಅಲ್ಲ.

ಈಡು ಹಾರದಿದ್ದರೆ ತೋಟೆ ಏನು ಹೇಳುತ್ತದೆ

ಹಾರಿಸಿದಾಗ ಬರೀ ಕ್ಲಿಕ್ ಆದರೆ ತಕ್ಷಣ ಮಡಚಬೇಡಿ. ಕೆಲವು ತೋಟೆ ತಡವಾಗಿ ಹತ್ತಿಕೊಳ್ಳುತ್ತವೆ. ಬಾಯಿ ಸುರಕ್ಷಿತ ಕಡೆಗೇ ಇಟ್ಟುಕೊಂಡು ಒಂದು ನಿಮಿಷ ಕಾಯಿರಿ. ಆಮೇಲೆ ತೆಗೆದು ಕೇಪಿನ ಮೇಲಿನ ಗುರುತು ನೋಡಿ.

ಗುರುತು ಆಳವಾಗಿ, ನಡುವಿನಲ್ಲಿ ಇದ್ದರೆ ಕೋವಿಯ ತಪ್ಪಿಲ್ಲ, ತೋಟೆ ತೇವ ಹಿಡಿದಿದೆ. ಎರಡು ಮಳೆಗಾಲ ಅಟ್ಟದಲ್ಲಿ ಕಳೆದ ತೋಟೆಯಿಂದ ಇನ್ನೇನು ನಿರೀಕ್ಷೆ ಮಾಡುತ್ತೀರಿ? ಗುರುತು ತೀರಾ ಮೇಲ್ಮೇಲೆ ಇದ್ದರೆ ಅಂಟಾದ ಎಣ್ಣೆ, ಸೋತ ಸ್ಪ್ರಿಂಗ್ ಅಥವಾ ಸವೆದ ಪಿನ್. ಗುರುತೇ ಇಲ್ಲದಿದ್ದರೆ ಪಿನ್ ಮುರಿದಿರಬಹುದು. ಗುರುತು ನಡುವಿನಿಂದ ಪಕ್ಕಕ್ಕೆ ಸರಿದಿದ್ದರೆ ನಳಿಗೆ ಸರಿಯಾಗಿ ಕೂರುತ್ತಿಲ್ಲ. ಹಾರದ ತೋಟೆಯನ್ನು ಮತ್ತೆ ತುಂಬಬೇಡಿ, ಬಿಚ್ಚಬೇಡಿ, ಒಲೆಗೆ ಹಾಕಬೇಡಿ. ಬೇರೆ ಡಬ್ಬಿಯಲ್ಲಿ ಇಟ್ಟು ಡೀಲರ್ ಹತ್ತಿರ ಕೊಡಿ.

ಅಂಗಡಿಗೆ ಒಯ್ಯುವಾಗ

"ಕೆಟ್ಟಿದೆ, ನೋಡಿ" ಅಂತ ಕೊಡುವುದಕ್ಕಿಂತ ನೀವು ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಡಿ. ಎಡ ನಳಿಗೆ, ಮೇಲ್ಮೇಲಿನ ಗುರುತು, ಎಣ್ಣೆ ತೆಗೆದ ಮೇಲೂ ಹಾಗೇ, ಕೀಲು ಸಡಿಲ ಇಲ್ಲ. ಇಷ್ಟು ಹೇಳಿದರೆ ರಿಪೇರಿಯವರ ಅರ್ಧ ಕೆಲಸ ಮುಗಿದ ಹಾಗೆ, ಬೇಡದ ಕೆಲಸಕ್ಕೆ ದುಡ್ಡು ಕೊಡುವುದೂ ತಪ್ಪುತ್ತದೆ. ಕೋವಿ ಬಿಚ್ಚಿ ಚೀಲದಲ್ಲಿ ಇಟ್ಟು, ತೋಟೆ ಇಲ್ಲದೆ, ಪರವಾನಗಿ ಅಥವಾ ವಿನಾಯಿತಿ ಪತ್ರದ ಜೊತೆ, ಯಾರ ಹೆಸರಿನಲ್ಲಿದೆಯೋ ಅವರೇ ಒಯ್ಯಲಿ. ಅಂಗಡಿಯವರ ರಿಪೇರಿ ಪರವಾನಗಿ ಚಾಲ್ತಿಯಲ್ಲಿದೆಯಾ ಕೇಳಿ. ಕೋವಿಯ ನಂಬರ್ ಬರೆದ ರಸೀದಿ ತಗೊಳ್ಳದೆ ಹೊರಗೆ ಬರಬೇಡಿ. ಹಾರಿಸಿ ನೋಡುವ ಪರೀಕ್ಷೆಯನ್ನೂ ಅವರಿಗೇ ಬಿಡಿ.

ವಾಪಸ್ ಬಂದ ಕೋವಿಯನ್ನು ಚರ್ಮದ ಅಥವಾ ಕ್ಯಾನ್ವಾಸ್ ಚೀಲದಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ, ಚೀಲ ತೇವ ಹೀರಿ ಕೋವಿಗೆ ಕೊಡುತ್ತದೆ. ಬೀಗ ಹಾಕುವ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಎಣ್ಣೆ ಹಾಕಿದ ಮೊದಲ ದಿನ ನಳಿಗೆಯ ಬಾಯಿ ಕೆಳಗಿರಲಿ. ಆಯುಧ ಪೂಜೆಯ ಗಂಧ, ಕುಂಕುಮವನ್ನು ಮಾರನೇ ದಿನವೇ ಒರೆಸಿ ಎಣ್ಣೆ ಸವರಿ. ಒದ್ದೆ ಗಂಧ ಇದ್ದ ಜಾಗದಲ್ಲಿ ದುಂಡಗೆ ತುಕ್ಕಿನ ಬೊಟ್ಟು ಉಳಿದಿರುವ ಕೋವಿಗಳು ಬೇಕಾದಷ್ಟಿವೆ.